ಮುಂದಿನ ವರ್ಷದ ಪಿಕ್ ಕೊಟ್ಟು ಈಗ್ಲೇ ಪ್ಲೇಯರ್ ತರ್ಬೇಕಾ? ಲೆಕ್ಕ ಹಾಕೋದು ಹೀಗೆ

ಮೈಸೂರು ಕಡೆ ಹಾಕಿ ಅಂದ್ರೆ ಮೊದ್ಲು ನೆನಪಾಗೋದು ಪಕ್ಕದ ಕೊಡಗು. ಅಲ್ಲಿ ಕೊಡವ ಕುಟುಂಬಗಳ ಟೂರ್ನಮೆಂಟಲ್ಲಿ ಈ ತಲೆನೋವೇ ಇಲ್ಲ, ಮನೆತನದೋರು ಯಾರಿದಾರೋ ಅವ್ರೇ ಆಡ್ಬೇಕು. ಆದ್ರೆ ಬೆಳಿಗ್ಗೆ ಐದೂವರೆಗೆ ಕಾಫಿ ಲೋಟ ಹಿಡ್ಕೊಂಡು ಎನ್‌ಎಚ್‌ಎಲ್ (ಅಮೆರಿಕಾ-ಕೆನಡಾದ ಐಸ್ ಹಾಕಿ ಲೀಗ್) ನೋಡೋ ನಮ್ಮಂತ ಹುಚ್ಚರಿಗೆ ಟ್ರೇಡ್ ಡೆಡ್‌ಲೈನ್ (ಸೀಸನ್ ಮಧ್ಯೆ ಪ್ಲೇಯರ್ ಅದಲು ಬದಲಿಗೆ ಕೊನೇ ದಿನ) ಹತ್ರ ಬಂತು ಅಂದ್ರೆ ಗ್ರೂಪಲ್ಲಿ ಜಗಳ ಶುರು, ಪಿಕ್ (ಡ್ರಾಫ್ಟಲ್ಲಿ, ಅಂದ್ರೆ ಪ್ರತಿ ವರ್ಷ ಟೀಮುಗಳು ಹೊಸ ಹುಡುಗ್ರನ್ನ ಆರಿಸ್ಕೊಳ್ಳೋದ್ರಲ್ಲಿ, ಒಂದು ಸರದಿ) ಕೊಡ್ಲಿ ಅಂತ ಒಬ್ಬ, ಬೇಡ ಕಣೋ ಅಂತ ಇನ್ನೊಬ್ಬ. ಸುಮ್ನೆ ಕಿತ್ತಾಡೋ ಬದ್ಲು ಹಿಂಗೆ ನೋಡಿ.

ಮೊದ್ಲು ಬರ್ತಿರೋ ಪ್ಲೇಯರ್ ಹೆಸ್ರು ಪಕ್ಕಕ್ಕೆ ಮಡ್ಗಿ, ಪಾಯಿಂಟ್ಸ್ ಟೇಬಲ್ ತೆಗೀರಿ. 32 ಟೀಮಲ್ಲಿ 16 ಪ್ಲೇಆಫ್‌ಗೆ ಹೋಗ್ತವೆ, ಹೋಗದ 16ಕ್ಕೆ ಡ್ರಾಫ್ಟಲ್ಲಿ ಮೊದಲ ಸರದಿ, ಕಪ್ ಗೆದ್ದೋರಿಗೆ ಕೊನೇ ಸರದಿ. ಅಂದ್ರೆ ಹೆಸ್ರಿಗೆ ಎಲ್ಲಾ ಫಸ್ಟ್ ರೌಂಡ್ ಪಿಕ್ಕೇ, ಗೆಲ್ಲೋ ಟೀಮಿಂದು 30ನೇದಾಗುತ್ತೆ, ಎಡವೋ ಟೀಮಿಂದು ಮೂರನೇದಾಗುತ್ತೆ. ಸ್ಯಾನ್ ಹೋಸೆ ಶಾರ್ಕ್ಸ್ 2018ರಲ್ಲಿ ಒಟ್ಟಾವಾದಿಂದ ಎರಿಕ್ ಕಾರ್ಲ್‌ಸನ್‌ನ ತಂದಾಗ ಕೊಟ್ಟಿದ್ರಲ್ಲಿ ಒಂದು ಫಸ್ಟ್ ರೌಂಡ್ ಪಿಕ್ಕೂ ಇತ್ತು, 2019ರಲ್ಲಿ ಕಾನ್ಫರೆನ್ಸ್ ಫೈನಲ್‌ವರ್ಗೂ ಹೋದ್ರು, ಮುಂದಿನ ಸೀಸನ್ ನೆಲ ಕಚ್ಚಿದ್ರು, ಆ ಪಿಕ್ 2020ರಲ್ಲಿ ಮೂರನೇದಾಗಿ ಟಿಮ್ ಸ್ಟುಟ್ಸ್ಲೆ ಒಟ್ಟಾವಾ ಪಾಲಾದ. ಹಂಗಾಗಿ ಕಪ್ ಹತ್ರ ಇರೋರು ಪಿಕ್ ಧಾರಾಳವಾಗಿ ಮಾರ್ಲಿ, ಹದಿನಾರನೇ ಜಾಗಕ್ಕೆ ಒದ್ದಾಡೋರು ಕೈ ಕಟ್ಕೊಂಡು ಕೂತಿರೋದೇ ವಾಸಿ. ಒಂದು ರೌಂಡ್ ಆಡಿದ್ರೂ ಓನರ್‌ಗೆ ಟಿಕೆಟ್ ದುಡ್ಡು ಬರುತ್ತಲ್ಲ ಅಂತೀರಾ, ಅದು ಓನರ್ ಲೆಕ್ಕ ಬುಡಿ, ನಮ್ದಲ್ಲ.

ಆಮೇಲೆ, ಟೀಮಲ್ಲಿ ತೂತು ಎಲ್ಲಿದೆ ಅಂತ ಹುಡುಕಿ. ಇದಕ್ಕೆ ಟ್ಯಾಂಪಾ ಬೇ ನೋಡ್ಬೇಕು. 2018-19ರಲ್ಲಿ 62 ಮ್ಯಾಚ್ ಗೆದ್ದ ಟೀಮು, ಪ್ಲೇಆಫ್ ಮೊದಲ ರೌಂಡಲ್ಲೇ ಕೊಲಂಬಸ್ ಕೈಲಿ 4-0 ಸೋತು ಮನೆಗೆ ಹೋಯ್ತು. ಸ್ಟಾರ್‌ಗಳಿಗೇನು ಕಮ್ಮಿ ಇರ್ಲಿಲ್ಲ, ಅದಕ್ಕೇ ಮುಂದಿನ ಫೆಬ್ರವರೀಲಿ ಇನ್ನೊಬ್ಬ ಸ್ಟಾರ್‌ನ ತರೋ ಬದ್ಲು ಮೂರನೇ ಲೈನಿಗೆ (ಸರದಿ ಮೇಲೆ ಒಟ್ಟಿಗೆ ಇಳಿಯೋ ಫಾರ್ವರ್ಡ್‌ಗಳ ಮೂರನೇ ಗುಂಪಿಗೆ) ಅಂತ ಬ್ಲೇಕ್ ಕೋಲ್ಮನ್, ಬಾರ್‌ಕ್ಲೇ ಗುಡ್ರೋ ಇಬ್ರನ್ನ ತಂದ್ರು, ಒಬ್ಬೊಬ್ಬನಿಗೂ ಒಂದೊಂದು ಫಸ್ಟ್ ರೌಂಡ್ ಪಿಕ್ಕು, ಜೊತೆಗೆ ಒಬ್ಬೊಬ್ಬ ಪ್ಲೇಯರ್. ಮೂರನೇ ಲೈನಿನೋರಿಗೆ ಇಷ್ಟಾ ಅನ್ಸುತ್ತೆ. ಆದ್ರೆ ಆಗ ಸ್ಯಾಲರಿ ಕ್ಯಾಪ್ (ಒಂದು ಟೀಮು ಎಲ್ಲಾ ಪ್ಲೇಯರ್‌ಗಳ ಸಂಬಳಕ್ಕೆ ಖರ್ಚು ಮಾಡ್ಬೋದಾದ ಮಿತಿ) 8 ಕೋಟಿ 15 ಲಕ್ಷ ಡಾಲರ್ ಇದ್ದಾಗ ಕೋಲ್ಮನ್‌ಗೆ 18 ಲಕ್ಷ, ಗುಡ್ರೋಗೆ 9 ಲಕ್ಷ 25 ಸಾವಿರ ಅಷ್ಟೇ, ಸ್ಟಾರ್‌ಗಳಲ್ಲಿ ಯಾರನ್ನೂ ಕಳಿಸೋ ಹಂಗಾಗ್ಲಿಲ್ಲ. ಇಬ್ರದ್ದೂ ಇನ್ನೊಂದು ಪೂರ್ತಿ ಸೀಸನ್ ಕಾಂಟ್ರಾಕ್ಟ್ ಬಾಕಿ ಬೇರೆ ಇತ್ತು. ಮಂಡ್ಯ ಕಡೆ ಕಬ್ಬು ಹಾಕೋರಿಗೆ ಹೇಳ್ಬೇಕಾಗಿಲ್ಲ, ಒಂದ್ಸಲ ನಟ್ಟು ಕೂಳೆ ಬೆಳೆನೂ ತೆಗೆದಂಗೆ, 2020ರಲ್ಲೂ ಕಪ್, 2021ರಲ್ಲೂ ಕಪ್. ಗುಡ್ರೋಗೆ ಕೊಟ್ಟ ಪಿಕ್ ಎಷ್ಟನೇದಾಯ್ತು ಗೊತ್ತಾ, 31ನೇದು, ಆಗ ಇದ್ದ ಟೀಮುಗಳೇ 31.

ಅದೇ ಕೊಲಂಬಸ್ ಕಥೆ ಉಲ್ಟಾ. ಅವ್ರು 2019 ಡೆಡ್‌ಲೈನಲ್ಲಿ ಮ್ಯಾಟ್ ಡುಶೇನ್, ರಯಾನ್ ಜಿಂಗಲ್ ಇಬ್ರನ್ನೂ ತಂದ್ರು, ಕಾಂಟ್ರಾಕ್ಟ್ ಮುಗೀತಿದ್ದ ತಮ್ಮದೇ ಪ್ಲೇಯರ್‌ಗಳಾದ ಪನಾರಿನ್, ಬೊಬ್ರೋವ್‌ಸ್ಕಿನ ಮಾರ್ಲೂ ಇಲ್ಲ. ಬೇಸಿಗೇಲಿ ನಾಲ್ಕೂ ಜನ ಬೇರೆ ಬೇರೆ ಟೀಮಿಗೆ ಹೋದ್ರು. ಬಾಡಿಗೆ ಪ್ಲೇಯರ್ ಅಂದ್ರೆ ಇದೇ. ಆದ್ರೂ ನಾನು ಅವ್ರನ್ನ ಬಯ್ಯಲ್ಲ ಕಣ್ರೀ, ಹುಟ್ಟಿದಾಗಿಂದ ಅಲ್ಲೀವರ್ಗೂ ಒಂದು ಪ್ಲೇಆಫ್ ಸೀರೀಸೂ ಗೆದ್ದಿರದ ಟೀಮು ಅದು, ಅಲ್ಲಿನ ಫ್ಯಾನ್‌ಗೆ ಆ 4-0 ಬೆಲೆ ನಮಗೆ ಹೆಂಗೆ ಗೊತ್ತಾಗ್ಬೇಕು.

ಪಿಕ್ ಬೇರೆ, ಆಗ್ಲೇ ಡ್ರಾಫ್ಟ್ ಆಗಿ ಬೆಳೀತಿರೋ ಹುಡ್ಗ ಬೇರೆ. 2013ರಲ್ಲಿ ವಾಷಿಂಗ್ಟನ್ ಮಾರ್ಟಿನ್ ಎರಾಟ್‌ಗೋಸ್ಕರ ಫಿಲಿಪ್ ಫೋರ್ಸ್‌ಬರ್ಗ್‌ನ ನ್ಯಾಶ್‌ವಿಲ್‌ಗೆ ಕೊಟ್ಟುಬಿಟ್ರು, ಎರಾಟ್ ಮುಂದಿನ ಮಾರ್ಚಿಗೇ ಜಾಗ ಖಾಲಿ ಮಾಡ್ದ, ಫೋರ್ಸ್‌ಬರ್ಗ್ ನ್ಯಾಶ್‌ವಿಲ್ ಪರ ಅತಿ ಹೆಚ್ಚು ಗೋಲ್ ಹೊಡೆದೋನಾದ. ಟಾಪ್ ಹುಡ್ಗ ಇದ್ರೆ ಅವ್ನನ್ನ ಮುಟ್ಬೇಡಿ, ಪಿಕ್ ಕೊಡಿ.

ಕೊನೇಗೆ ಟ್ರೇಡಿನ ಕಂಡೀಷನ್ ಓದಿ, ಡೆಡ್‌ಲೈನ್ ನಮಗೆ ರಾತ್ರಿ ಒಂದೂವರೆಗೆ ಮುಗಿಯೋದು, ನಿದ್ದೆಗಣ್ಣಲ್ಲಿ ಜನ ಬರೀ ಹೆಸ್ರು ನೋಡಿ ಮಲಗಿಬಿಡ್ತಾರೆ. 2017ರಲ್ಲಿ ಇದೇ ಡುಶೇನ್‌ನ ಒಟ್ಟಾವಾ ಕೊಲೊರಾಡೊದಿಂದ ತಂದಾಗ ಪಿಕ್ ಮೊದಲ ಹತ್ತರೊಳಗೆ ಬಂದ್ರೆ ನಾವೇ ಇಟ್ಕೋತೀವಿ, ಮುಂದಿನ ವರ್ಷದ್ದು ಕೊಡ್ತೀವಿ ಅಂತ ಹಾಕಿಸಿದ್ರು, ಅದು ನಾಲ್ಕನೇದಾಗಿ ಬ್ರೇಡಿ ಟಕಾಚುಕ್ ಅವ್ರ ಹತ್ರಾನೇ ಉಳ್ದ. ಮುಂದಿನ ವರ್ಷದ್ದೂ ನಾಲ್ಕನೇದೇ ಆಯ್ತು ಅನ್ನಿ, ಅದು ಕೊಲೊರಾಡೊಗೆ ಹೋಯ್ತು. 2025ರಲ್ಲಿ ಫ್ಲೋರಿಡಾ ಬ್ರ್ಯಾಡ್ ಮರ್ಷಾಂಡ್‌ನ ಬಾಸ್ಟನ್‌ನಿಂದ ತಂದಾಗ ಕೊಟ್ಟಿದ್ದು ಸೆಕೆಂಡ್ ರೌಂಡ್ ಪಿಕ್, ಎರಡು ರೌಂಡ್ ದಾಟಿ ಅವ್ನು ಅರ್ಧದಷ್ಟು ಮ್ಯಾಚುಗಳನ್ನಾದ್ರೂ ಆಡಿದ್ರೆ ಮಾತ್ರ ಫಸ್ಟ್ ರೌಂಡ್ ಆಗ್ಬೇಕು ಅಂತ ಮಾತು. ಕಪ್ಪೇ ಗೆದ್ರು, ಫಸ್ಟ್ ರೌಂಡ್ ಕೊಟ್ರು.