ಕ್ಯೂಸಿ ಇನ್‌ಚಾರ್ಜ್ ಅಂತ ಯಾರೂ ಹುಡುಕಲ್ಲ

ಎಂಟು ತಿಂಗಳಲ್ಲಿ 140 ಕಡೆ ಅರ್ಜಿ ಹಾಕಿದ್ದೆ. ಕ್ವಾಲಿಟಿಯಲ್ಲಿ ಕೆಲಸ ಮಾಡುವವನಿಗೆ ಎಲ್ಲದಕ್ಕೂ ಒಂದು ಎಕ್ಸೆಲ್ ಶೀಟ್ ಬೇಕು, ಹಾಗಾಗಿ ಲೆಕ್ಕ ಪಕ್ಕಾ. ಬಂದ ಕರೆ ಮೂರು. ಅದರಲ್ಲೊಂದು ಇನ್ಶೂರೆನ್ಸ್ ಮಾರುವ ಕೆಲಸಕ್ಕೆ.

ಆಗ ನಾನು ಶಿವಮೊಗ್ಗದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿದ್ದೆ. ಮೆಕ್ಯಾನಿಕಲ್ ಡಿಪ್ಲೊಮಾ, ಏಳು ವರ್ಷದ ಅನುಭವ. ವಾಹನ ಕಂಪನಿಗಳಿಗೆ ಹೋಗುವ ಅಲ್ಯೂಮಿನಿಯಂ ಹೌಸಿಂಗ್ (ಯಂತ್ರಭಾಗಗಳ ಹೊರಕವಚ) ನಮ್ಮ ಮಾಲು. ಬೆಳಗಿನ ಫಸ್ಟ್ ಪೀಸ್ ಅಪ್ರೂವಲ್‌ನಿಂದ ಹಿಡಿದು ಕಸ್ಟಮರ್ ಆಡಿಟ್‌ಗೆ ಬಂದವರಿಗೆ ಊಟ ಹೇಳುವ ತನಕ ಎಲ್ಲಕ್ಕೂ ನಾನೇ. ಆಫರ್ ಲೆಟರ್‌ನಲ್ಲಿ ನನ್ನ ಹುದ್ದೆ 'ಕ್ಯೂಸಿ ಇನ್‌ಚಾರ್ಜ್', ಅಂದರೆ ಕ್ವಾಲಿಟಿ ಕಂಟ್ರೋಲ್ ನೋಡಿಕೊಳ್ಳುವವನು. ರೆಸ್ಯೂಮೆಯಲ್ಲೂ ಅದನ್ನೇ ಹಾಕಿದ್ದೆ. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕಲ್ಲ.

ನನ್ನ ಚಿಕ್ಕಮ್ಮನ ಮಗಳು ಬೆಂಗಳೂರಿನ ರಾಜಾಜಿನಗರದಲ್ಲಿ ಒಂದು ಕನ್ಸಲ್ಟೆನ್ಸಿಯಲ್ಲಿ ರಿಕ್ರೂಟರ್. ಒಂದು ಮದುವೆಗೆ ಹೋದವನು ಮಾರನೇ ದಿನ ಅವಳ ಆಫೀಸಿಗೂ ಹೋದೆ. "ಅಣ್ಣಾ, ಸುಮ್ಮನೆ ಕೂತ್ಕೋ, ನಾವು ಹೇಗೆ ಹುಡುಕ್ತೀವಿ ನೋಡು" ಅಂದಳು. ಅವಳ ಕಂಪ್ಯೂಟರಿನಲ್ಲಿ ನೌಕ್ರಿ ವೆಬ್‌ಸೈಟಿನವರ ರೆಸ್ಡೆಕ್ಸ್ ತೆರೆದಿತ್ತು. ನಾವು ತುಂಬುವ ಪ್ರೊಫೈಲುಗಳೆಲ್ಲ ಹೋಗಿ ಬೀಳುವ ಕಣಜ ಅದು, ಅದನ್ನು ತಡಕಾಡುವುದಕ್ಕೆ ಕಂಪನಿಗಳು ದುಡ್ಡು ಕೊಡುತ್ತವೆ.

ಅವಳು ಟೈಪ್ ಮಾಡಿದ್ದು: ಕ್ವಾಲಿಟಿ ಇಂಜಿನಿಯರ್, ಸಿಎಂಎಂ (ಪೀಸನ್ನು ಸೂಕ್ಷ್ಮವಾಗಿ ಅಳೆಯುವ ಯಂತ್ರ), ಪಿಪಿಎಪಿ (ಹೊಸ ಪೀಸಿಗೆ ಕಸ್ಟಮರ್ ಒಪ್ಪಿಗೆ ಪಡೆಯುವ ದಾಖಲೆಗಳು), ಐಎಟಿಎಫ್ 16949 (ವಾಹನ ಉದ್ಯಮದ ಕ್ವಾಲಿಟಿ ಸ್ಟ್ಯಾಂಡರ್ಡ್). ಅನುಭವ ಐದರಿಂದ ಎಂಟು ವರ್ಷ. ನೋಟಿಸ್ ಪೀರಿಯಡ್ ಎರಡು ತಿಂಗಳೊಳಗೆ. ಇತ್ತೀಚೆಗೆ ಲಾಗಿನ್ ಆದವರು ಮಾತ್ರ. ಎಂಟರ್. ಉದ್ದದ ಪಟ್ಟಿ ಬಂತು. ಮೇಲಿನ ಮೂವತ್ತು ನಲವತ್ತು ಹೆಸರು ನೋಡಿ, ಹತ್ತು ಜನಕ್ಕೆ ಫೋನ್ ಮಾಡಿ, ಅವಳ ಆ ದಿನದ ಕೆಲಸ ಮುಗಿಯಿತು.

"ನನ್ನ ಹೆಸರೆಲ್ಲಿ?" ಅಂದೆ.

ಹುಡುಕಿದಳು. ಪಟ್ಟಿಯಲ್ಲೇ ಇರಲಿಲ್ಲ. ಸಿಎಂಎಂ ಮುಂದೆ ದಿನಾ ನಿಲ್ಲುವವನು ನಾನು, ಆದರೆ ರೆಸ್ಯೂಮೆಯಲ್ಲಿ ಬರೆದದ್ದು 'ಆಲ್ ಟೈಪ್ಸ್ ಆಫ್ ಇನ್‌ಸ್ಟ್ರುಮೆಂಟ್ಸ್'. ಪಿಪಿಎಪಿ ಫೈಲು ನಾನೇ ಕಟ್ಟುತ್ತಿದ್ದೆ, ನಮ್ಮಲ್ಲಿ ಅದಕ್ಕೆ 'ಸ್ಯಾಂಪಲ್ ಸಬ್‌ಮಿಷನ್' ಅಂತಿದ್ದೆವು, ನಾನೂ ಹಾಗೇ ಬರೆದಿದ್ದೆ. ಐಎಟಿಎಫ್ 2016ರಲ್ಲಿ ಬಂತು, ಹಳೇ ಟಿಎಸ್ 16949 ಜಾಗಕ್ಕೆ. ನಮ್ಮ ಶಾಪಿನಲ್ಲಿ ಇವತ್ತಿಗೂ ಎಲ್ಲರ ಬಾಯಲ್ಲಿ 'ಟಿಎಸ್'. ನಾನು ಬರೆದದ್ದೂ ಅದನ್ನೇ.

ರೆಸ್ಯೂಮೆ ತೆರೆದ ಮೇಲೆ ಅವಳು ನಕ್ಕೇಬಿಟ್ಟಳು. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ, ಪ್ರಿಂಟ್ ತೆಗೆದು, ಸಹಿ ಹಾಕಿ, ಸ್ಕ್ಯಾನ್ ಮಾಡಿಸಿದ ಪಿಡಿಎಫ್ ಅದು. ಸಹಿ ಇದ್ದರೆ ಮರ್ಯಾದೆ ಅಂತ ನನ್ನ ಲೆಕ್ಕ. ಕಂಪ್ಯೂಟರಿಗೆ ಅದೊಂದು ಫೋಟೋ, ಒಳಗಿನ ಒಂದಕ್ಷರವೂ ಹುಡುಕಾಟಕ್ಕೆ ಸಿಗುವುದಿಲ್ಲ. ಅವಳು ಹೇಳಿಕೊಟ್ಟ ಪರೀಕ್ಷೆ ಸುಲಭದ್ದು: ಪಿಡಿಎಫ್‌ನ ಅಕ್ಷರಗಳನ್ನು ಸೆಲೆಕ್ಟ್ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಬೇಕು. ಅಲ್ಲಿ ಏನು ಬೀಳುತ್ತದೋ ಅಷ್ಟೇ ಅವರಿಗೆ ಕಾಣುವುದು. ನನ್ನದರಲ್ಲಿ ಏನೂ ಬೀಳಲಿಲ್ಲ. ಆಮೇಲೆ ನೆಟ್‌ನಲ್ಲಿ ಸಿಕ್ಕ, ಎಡಕ್ಕೊಂದು ಬಲಕ್ಕೊಂದು ಕಾಲಂ ಇರುವ ಚಂದದ ಟೆಂಪ್ಲೇಟ್ ಹಾಕಿ ನೋಡಿದೆ. ನೋಟ್‌ಪ್ಯಾಡಿನಲ್ಲಿ ಕಂಪನಿ ಹೆಸರಿನ ನಡುವೆ ನನ್ನ ಹವ್ಯಾಸಗಳು ಬಂದು ಕೂತವು. ಬಿಟ್ಟೆ. ಬಣ್ಣ, ಬಾಕ್ಸ್ ಏನೂ ಇಲ್ಲದ, ಮೇಲಿಂದ ಕೆಳಗೆ ಒಂದೇ ಸಾಲಿಗೆ ಇಳಿಯುವ ಎರಡು ಪುಟ ಸಾಕಾಯಿತು.

ಊರಿಗೆ ಬಂದು ನಾನು ಮಾಡಿದ್ದು ಒಂದು ರೀತಿ ಅನುವಾದದ ಕೆಲಸ. ಹದಿನೈದು ಜಾಬ್ ಪ್ರಕಟಣೆ ಪ್ರಿಂಟ್ ತೆಗೆದೆ. ಮತ್ತೆ ಮತ್ತೆ ಬಂದ ಪದಗಳಿಗೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಹಾಕಿದೆ. ಒಂದೊಂದಕ್ಕೂ 'ಇದನ್ನು ನಾನು ಮಾಡಿದ್ದೇನಾ, ನಮ್ಮಲ್ಲಿ ಇದಕ್ಕೆ ಏನಂತಾರೆ?' ಅಂತ ಕೇಳಿಕೊಂಡೆ. 'ರಿಜೆಕ್ಷನ್ ಬಂದರೆ ಉತ್ತರ ಕೊಡೋದು' 8ಡಿ ರಿಪೋರ್ಟ್ (ದೋಷದ ಮೂಲ ಹುಡುಕಿ ಸರಿಪಡಿಸಿದ್ದರ ವರದಿ) ಆಯಿತು. 'ಗೇಜ್ ಚೆಕಿಂಗ್' ಎಂಎಸ್ಎ (ಅಳೆಯುವ ವಿಧಾನವನ್ನೇ ಪರೀಕ್ಷಿಸುವುದು) ಆಯಿತು, ಯಾಕೆಂದರೆ ಅದರ ಭಾಗವಾದ ಗೇಜ್ ಆರ್ ಅಂಡ್ ಆರ್, ಅಂದರೆ ಬೇರೆ ಬೇರೆಯವರು ಮತ್ತೆ ಮತ್ತೆ ಅಳೆದರೂ ಅಳತೆ ಒಂದೇ ಬರುತ್ತದಾ ಅನ್ನುವ ಪರೀಕ್ಷೆ, ನಿಜಕ್ಕೂ ಮಾಡುತ್ತಿದ್ದೆ. ಮಾಡದೇ ಇದ್ದದ್ದು ಕೆಲವಿತ್ತು, ಅಂಕಿಅಂಶದ ಸಾಫ್ಟ್‌ವೇರ್ ಮಿನಿಟ್ಯಾಬ್ ಅಂಥವು. ಅವನ್ನು ಮುಟ್ಟಲಿಲ್ಲ. ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೇವೆ.

ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಕೆಳಗಿನ ಸಾಲಿಗೆ 220 ಅಕ್ಷರ ಜಾಗ ಕೊಡುತ್ತಾರೆ. ನಾನು ಅಲ್ಲಿ ಹುದ್ದೆ, ಕಂಪನಿ ಹೆಸರು ಹಾಕಿ ಕೈತೊಳೆದುಕೊಂಡಿದ್ದೆ. ಈಗ 'ಕ್ವಾಲಿಟಿ ಇಂಜಿನಿಯರ್, ಸಿಎಂಎಂ, ಪಿಪಿಎಪಿ, ಅಲ್ಯೂಮಿನಿಯಂ ಮಷಿನಿಂಗ್' ಅಂತ ಬರೆದೆ. ನೋಟಿಸ್ ಪೀರಿಯಡ್ ಕಾಲಂ ಖಾಲಿ ಬಿಟ್ಟಿದ್ದೆ, ಅದನ್ನು ತುಂಬಿದೆ. ಸೋಮವಾರ ಬೆಳಿಗ್ಗೆ ಶಿಫ್ಟ್‌ಗೆ ಮುಂಚೆ ನೌಕ್ರಿಗೆ ಹೋಗಿ ಏನಾದರೂ ಒಂದು ಸಾಲು ತಿದ್ದಿ ಸೇವ್ ಮಾಡುವುದು ಅಭ್ಯಾಸವಾಯಿತು. "ದೇವರ ದೀಪ ಹಚ್ಚಿದ ಹಾಗೆ, ಆರಿಹೋಗೋಕೆ ಬಿಡಬೇಡ" ಅಂದಿದ್ದಳು ತಂಗಿ.

ಇಷ್ಟರಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ಲಿಂಕ್ಡ್‌ಇನ್‌ನಲ್ಲಿ 'ಓಪನ್ ಟು ವರ್ಕ್' ಅನ್ನುವುದನ್ನು ಎರಡು ರೀತಿ ಹಾಕಬಹುದು. ರಿಕ್ರೂಟರ್‌ಗಳಿಗೆ ಮಾತ್ರ ಕಾಣುವ ಹಾಗೆ ಒಂದು, ಎಲ್ಲರಿಗೂ ಕಾಣುವ ಹಾಗೆ ಇನ್ನೊಂದು. ಎರಡನೆಯದಕ್ಕೆ ಫೋಟೋ ಸುತ್ತ ಹಸಿರು ಪಟ್ಟಿ ಬರುತ್ತದೆ. ನಾನು ಉತ್ಸಾಹದಲ್ಲಿ ಹಸಿರು ಹಾಕಿಕೊಂಡೆ. ನಮ್ಮ ಕಸ್ಟಮರ್ ಕಡೆಯ ಇಂಜಿನಿಯರ್ ಒಬ್ಬರು ನೋಡಿ, ಮಾತಿನ ನಡುವೆ ನಮ್ಮ ಪ್ಲಾಂಟ್ ಮ್ಯಾನೇಜರ್‌ಗೆ ಹೇಳಿದ್ದಾರೆ. ಕ್ಯಾಬಿನ್‌ಗೆ ಕರೆದರು.

"ಏನಪ್ಪಾ, ಹಸಿರು ಬಳೆ ತೊಟ್ಕೊಂಡಿದ್ದೀಯಂತೆ? ಸೀಮಂತ ಯಾವಾಗ?"

ನಕ್ಕೇ ಕೇಳಿದರು, ಆದರೆ ಆ ವರ್ಷದ ಇನ್‌ಕ್ರಿಮೆಂಟ್ ಪಟ್ಟಿಯಲ್ಲಿ ನಗು ಕಾಣಲಿಲ್ಲ. ರಿಕ್ರೂಟರ್‌ಗಳಿಗೆ ಮಾತ್ರ ಅಂತ ಹಾಕಿದರೂ ನಮ್ಮದೇ ಕಂಪನಿಯ ಎಚ್‌ಆರ್‌ಗೆ ಕಾಣುವುದೇ ಇಲ್ಲ ಅನ್ನುವ ಖಾತ್ರಿಯನ್ನು ಲಿಂಕ್ಡ್‌ಇನ್ ಕೊಡುವುದಿಲ್ಲ, ಪೂರ್ತಿ ಗುಟ್ಟು ಕಾಯಲು ಆಗಲ್ಲ ಅಂತ ಅವರೇ ಬರೆದುಕೊಂಡಿದ್ದಾರೆ. ಕೆಲಸದಲ್ಲಿದ್ದುಕೊಂಡು ಹುಡುಕುವವರು ಇದನ್ನು ಓದಿಯೇ ಬಟನ್ ಒತ್ತುವುದು ಒಳ್ಳೆಯದು.

ಪದಗಳು ಸರಿಯಾದ ಮೇಲೆ ಕರೆಗಳು ಬರತೊಡಗಿದವು, ಆರು ವಾರದಲ್ಲಿ ಒಂಬತ್ತು. ಅದರಲ್ಲಿ ಎರಡು 'ರಿಜಿಸ್ಟ್ರೇಷನ್‌ಗೆ ಒಂದೂವರೆ ಸಾವಿರ ಗೂಗಲ್ ಪೇ ಮಾಡಿ' ಅನ್ನುವಂಥವು. ನಾವು ಕಂಡರೆ ಕಳ್ಳರಿಗೂ ಕಾಣುತ್ತೇವೆ. ಕೆಲಸ ಕೊಡುವವರು ದುಡ್ಡು ಕೇಳಲ್ಲ, ಕೇಳಿದ ತಕ್ಷಣ ಫೋನ್ ಇಡುತ್ತಿದ್ದೆ.

ಕೊನೆಗೆ ಕೆಲಸ ಸಿಕ್ಕಿದ್ದು ಮಾತ್ರ ಇನ್ನೊಂದು ದಾರಿಯಲ್ಲಿ. ನಮ್ಮಲ್ಲಿ ಒಂದು 100 ಎಂಎಂ ಬೋರ್ (ಪೀಸಿನಲ್ಲಿ ಕೊರೆದ ದುಂಡು ರಂಧ್ರ) ತಿಂಗಳುಗಟ್ಟಲೆ ಕಾಡಿತ್ತು. ಲೈನ್‌ನಲ್ಲಿ ಏರ್ ಗೇಜ್ (ಗಾಳಿ ಬಿಟ್ಟು ರಂಧ್ರ ಅಳೆಯುವ ಸಾಧನ) ಇಟ್ಟರೆ ಓವರ್‌ಸೈಜ್, ಅದೇ ಪೀಸನ್ನು ಮರುದಿನ ಸಿಎಂಎಂ ರೂಮಿನಲ್ಲಿ ಇಟ್ಟರೆ ಓಕೆ. ಆಪರೇಟರ್‌ಗಳು ಇನ್‌ಸ್ಪೆಕ್ಟರ್‌ಗಳನ್ನು ಬೈಯುವುದು, ಇನ್‌ಸ್ಪೆಕ್ಟರ್‌ಗಳು ಗೇಜನ್ನು ಬೈಯುವುದು. ಒಂದು ಮಧ್ಯಾಹ್ನ ವಾಷಿಂಗ್ ಮಷಿನ್‌ನಿಂದ ಬಂದ ಪೀಸ್ ಕೈಗೆತ್ತಿಕೊಂಡೆ, ಬೆಚ್ಚಗಿತ್ತು. ಅಳತೆಗೆ ಪ್ರಮಾಣದ ಉಷ್ಣತೆ 20 ಡಿಗ್ರಿ. ಅಲ್ಯೂಮಿನಿಯಂ ಒಂದು ಡಿಗ್ರಿಗೆ, ಮೀಟರಿಗೆ ಸುಮಾರು 23 ಮೈಕ್ರಾನ್ (ಎಂಎಂನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಹಿಗ್ಗುತ್ತದೆ. 100 ಎಂಎಂ ಬೋರ್ ಹತ್ತು ಡಿಗ್ರಿ ಹೆಚ್ಚು ಬಿಸಿ ಇದ್ದರೆ 23 ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ಎಚ್7 ಅನ್ನುವ ದರ್ಜೆಗೆ ಸಿಗುವ ಒಟ್ಟು ಟಾಲರೆನ್ಸೇ (ಒಪ್ಪಿಕೊಳ್ಳುವ ಹೆಚ್ಚುಕಮ್ಮಿ) 35. ಪೀಸನ್ನು, ಗೇಜ್ ಹೊಂದಿಸಲು ಬಳಸುವ ಮಾಸ್ಟರ್ ರಿಂಗ್ ಪಕ್ಕದಲ್ಲೇ ಆರಲು ಬಿಟ್ಟು, ಎರಡೂ ಒಂದೇ ಬಿಸಿಗೆ ಬಂದ ಮೇಲೆ ಅಳೆದೆವು. ಜಗಳ ನಿಂತಿತು.

ಇದನ್ನು ಲಿಂಕ್ಡ್‌ಇನ್‌ನಲ್ಲಿ ಹನ್ನೆರಡು ಸಾಲಿನಲ್ಲಿ ಬರೆದೆ. ಕಸ್ಟಮರ್ ಹೆಸರಿಲ್ಲ, ಡ್ರಾಯಿಂಗ್ ಇಲ್ಲ, ಪೀಸಿನ ಫೋಟೋ ಕೂಡ ಇಲ್ಲ (ಅದು ನಮ್ಮ ಸ್ವತ್ತಲ್ಲ). ಲೈಕ್ ಬಂದದ್ದು ಹನ್ನೊಂದು, ಅದರಲ್ಲಿ ಮೂರು ನೆಂಟರದು. ಹೊಸೂರಿನ ಒಬ್ಬ ಕ್ವಾಲಿಟಿ ಮ್ಯಾನೇಜರ್ ಮಾತ್ರ "ಫಿಕ್ಸ್‌ಚರ್‌ನ ಬಿಸಿ ಲೆಕ್ಕಕ್ಕೆ ತಗೊಂಡಿದ್ರಾ?" ಅಂತ ಕೇಳಿದರು. ಫಿಕ್ಸ್‌ಚರ್ ಅಂದರೆ ಪೀಸನ್ನು ಹಿಡಿದಿಡುವ ಸಾಧನ. ಇಲ್ಲ ಅಂತ ಒಪ್ಪಿಕೊಂಡೆ. ಐದು ವಾರ ಕಳೆದು ಅವರದೇ ಮೆಸೇಜ್: ನಮ್ಮ ಜಿಗಣಿ ಪ್ಲಾಂಟಿಗೆ ಒಬ್ಬರು ಬೇಕು, ಬರ್ತೀರಾ? ಇಂಟರ್‌ವ್ಯೂನಲ್ಲಿ ಅರ್ಧ ಗಂಟೆ ಆ ಬೋರ್ ಬಗ್ಗೆಯೇ ಮಾತಾಡಿದೆವು.

ಈಗ ಜಿಗಣಿಯಲ್ಲಿ ಎರಡನೇ ವರ್ಷ. ಹೋದ ತಿಂಗಳು ಸಿಎಂಎಂ ಆಪರೇಟರ್ ಬೇಕು ಅಂತ ಎಚ್‌ಆರ್ ಮೇಡಂ ನನ್ನ ಹತ್ತಿರ ಕೀವರ್ಡ್ ಕೇಳಿದರು. ಮಾಮೂಲಿ ಪದಗಳ ಜೊತೆಗೆ 'ಲೈನ್ ಇನ್‌ಸ್ಪೆಕ್ಟರ್', 'ಕ್ಯೂಸಿ ಇನ್‌ಚಾರ್ಜ್', 'ಟಿಎಸ್ 16949' ಅಂತಲೂ ಹಾಕಿಸಿದೆ. "ಹೀಗೆಲ್ಲ ಯಾರು ಹುಡುಕ್ತಾರೆ ಸರ್?" ಅಂದರು. ಬೆಳಗಾವಿಯ ಉದ್ಯಮಬಾಗ್‌ನ ಒಬ್ಬ ಹುಡುಗನ ಪ್ರೊಫೈಲ್ ಬಂತು. ರೆಸ್ಯೂಮೆ ತೆರೆದರೆ ಸ್ಕ್ಯಾನ್ ಮಾಡಿದ ಪಿಡಿಎಫ್, ಸ್ವಲ್ಪ ಓರೆ, ಕೆಳಗೆ ನೀಲಿ ಇಂಕಿನ ಸಹಿ. ನಂಬರ್ ತಗೊಂಡು ನಾನೇ ಫೋನ್ ಮಾಡಿದೆ.