ಮಳೆಗಾಲದಲ್ಲಿ ತೋಟದ ಕೆರೆ: ಕೋಡಿ, ತೂಬು, ಏರಿಯ ನನ್ನ ಅನುಭವ

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ಕಾಫಿ ತೋಟಗಳಲ್ಲಿ ಕೆರೆ ಕಟ್ಟುವುದೇ ಫೆಬ್ರವರಿ, ಮಾರ್ಚ್ ತಿಂಗಳ ಹೂಮಳೆಗಾಗಿ, ಅಂದರೆ ಕಾಫಿ ಹೂ ಬಿಡಲು ಬೇಕಾದ ನೀರಿಗಾಗಿ. ಸ್ಪ್ರಿಂಕ್ಲರ್ ತಿರುಗಿಸಿ ಹೂವಿಗೊಂದು ಸಲ, ಕೆಲವು ದಿನ ಬಿಟ್ಟು ಇನ್ನೊಂದು ಸಲ ನೀರು ಕೊಟ್ಟರೆ ಕೆರೆಯ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಅದೇ ಮಣ್ಣಿನ ಏರಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಳಗಿನ ಲೈನ್ ಮನೆ (ತೋಟದ ಕೆಲಸಗಾರರ ಸಾಲುಮನೆ), ಗದ್ದೆ, ರಸ್ತೆ ಮೋರಿಗಳ ತಲೆಯ ಮೇಲೆ ನಿಂತಿರುತ್ತದೆ. ಮಳೆಗಾಲದಲ್ಲಿ ನಮ್ಮ ಕೆರೆಯನ್ನು ನಡೆಸುವ ಬಗೆಯನ್ನು ಅಳತೆ ಸಮೇತ ಬರೆಯುತ್ತಿದ್ದೇನೆ. ಏರಿ 18 ಅಡಿ ಎತ್ತರ, ನೀರಿನ ಹರವು ಒಂದೂವರೆ ಎಕರೆ, ಕೆರೆಗೆ ನೀರು ಇಳಿದುಬರುವ ಜಾಗ ಸುಮಾರು 50 ಎಕರೆ.

ಮೊದಲು ಕೋಡಿಯ, ಅಂದರೆ ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಹೋಗುವ ದಾರಿಯ ಲೆಕ್ಕ. 50 ಎಕರೆ ಎಂದರೆ 20 ಹೆಕ್ಟೇರ್. ಗಂಟೆಗೆ 100 ಮಿ.ಮೀ. ರಭಸದ ಮಳೆ ಬಿದ್ದು, ಆಗಲೇ ನೆನೆದ ನೆಲದಿಂದ ಅರ್ಧದಷ್ಟು ಹರಿದುಬರುತ್ತದೆ ಎಂದು ಹಿಡಿದರೆ 0.5 × 100 × 20 ÷ 360 (ಈ 360 ಮಿ.ಮೀ., ಹೆಕ್ಟೇರ್, ಗಂಟೆಗಳನ್ನು ಸೆಕೆಂಡಿನ ಘನ ಮೀಟರ್‌ಗೆ ತರಲು), ಅಂದರೆ ಸೆಕೆಂಡಿಗೆ 2.8 ಘನ ಮೀಟರ್. ಕೋಡಿಯ ಹೊಸ್ತಿಲ (ನೀರು ಹೊರಬೀಳಲು ಶುರುವಾಗುವ ಮಟ್ಟ) ಮೇಲೆ ಒಂದೂವರೆ ಅಡಿ ನೀರು ಏರಲು ಬಿಟ್ಟರೆ ಒಂದು ಮೀಟರ್ ಅಗಲದಲ್ಲಿ ಅರ್ಧ ಘನ ಮೀಟರ್ ಸಾಗುತ್ತದೆ. ಹಾಗಾಗಿ ಐದೂವರೆ ಮೀಟರ್, ಅಂದರೆ 18 ಅಡಿ ಅಗಲ ಬೇಕೇ ಬೇಕು. ಮಲೆನಾಡಿನ ಇಳಿಜಾರು ನೋಡಿ ನಾನು 24 ಅಡಿ ಇಟ್ಟಿದ್ದೇನೆ. ಇಷ್ಟೇ ದೊಡ್ಡ ಎಷ್ಟೋ ಕೆರೆಗಳಲ್ಲಿ ಕೋಡಿ ಆರಡಿ ಮಾತ್ರ ಇರುತ್ತದೆ. ಆರಡಿಯಲ್ಲಿ ಇದೇ ನೀರು ಹೋಗಬೇಕಾದರೆ ಹೊಸ್ತಿಲ ಮೇಲೆ ಮೂರಡಿ ಏರಬೇಕು. ಏರಿಯ ನೆತ್ತಿ ಹೊಸ್ತಿಲಿಗಿಂತ ಮೂರಡಿಯಷ್ಟೇ ಮೇಲಿದ್ದರೆ ಅಲ್ಲಿಗೆ ಮುಗಿಯಿತು, ಗಾಳಿಯ ಅಲೆಗೇ ನೀರು ಏರಿ ಹಾಯುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹಾಯ್ದರೆ ಹೊರಮೈ ಕೊರೆದುಕೊಂಡು ಹೋಗಲು ಹೆಚ್ಚು ಹೊತ್ತು ಬೇಡ. ನಮ್ಮಲ್ಲಿ ಹೊಸ್ತಿಲಿನಿಂದ ನೆತ್ತಿಗೆ ಐದಡಿ ಅಂತರವಿದೆ.

ಕೋಡಿ ಯಾವಾಗಲೂ ಏರಿಯ ಪಕ್ಕದ ಗಟ್ಟಿ ನೆಲವನ್ನು ಕಡಿದು ಮಾಡಿದ್ದಾಗಿರಬೇಕು. ತುಂಬಿದ ಮಣ್ಣಿನ ಮೇಲೆ ಕಾಂಕ್ರೀಟ್ ಹಾಸಿ ಕೋಡಿ ಎಂದರೆ, ಮಣ್ಣು ಕುಸಿದಾಗ ಹಾಸು ಬಿರಿದು ಅಡಿಯಿಂದ ನೀರು ನುಗ್ಗುತ್ತದೆ. ಇನ್ನೊಂದು ಜಾಗವನ್ನು ಯಾರೂ ನೋಡುವುದಿಲ್ಲ: ಕೋಡಿ ಕಾಲುವೆ ಹಳ್ಳಕ್ಕೆ ಬೀಳುವ ತುದಿ. ಅಲ್ಲಿ ಗುಂಡಿ ಬಿದ್ದು, ಆ ಗುಂಡಿ ಪ್ರತಿ ಮಳೆಗೂ ಹಿಂದಕ್ಕೆ ತಿನ್ನುತ್ತಾ ಕೆರೆಯ ಕಡೆ ಬರುತ್ತದೆ. ದಪ್ಪ ಕಾಡುಕಲ್ಲಿನಲ್ಲಿ, ಒಂದೊಂದು ಅಡಿಯ ಮೆಟ್ಟಿಲಿನಂತೆ ಅದನ್ನು ಇಳಿಸಬೇಕು.

ಕೋಡಿಗೆ ನಾವೇ ಮಾಡುವ ಎರಡು ಅನ್ಯಾಯಗಳಿವೆ. ಒಂದು, ಬೇಸಿಗೆಗೆ ಒಂದಡಿ ನೀರು ಹೆಚ್ಚು ನಿಲ್ಲಲಿ ಎಂದು ಮರಳುಚೀಲ ಜೋಡಿಸುವುದು. ಎರಡು, ಮೀನು ಹೋಗದಿರಲೆಂದು ಬಲೆ ಕಟ್ಟುವುದು. ಸಿಲ್ವರ್ ಓಕ್ ಎಲೆ ಬಲೆಗೆ ಅಂಟಿಕೊಂಡರೆ ಒಂದು ರಾತ್ರಿಯ ಮಳೆಯಲ್ಲಿ ಬಲೆಯೇ ಗೋಡೆಯಾಗುತ್ತದೆ. ಮೀನು ಹೋದರೆ ಹೋಗಲಿ. ಜೂನ್ 1ರ ಹೊತ್ತಿಗೆ ಬಲೆ, ಚೀಲ ಎರಡೂ ಕೋಡಿಯಲ್ಲಿ ಇರಕೂಡದು.

ಸಣ್ಣ ಕೆರೆ ಪ್ರವಾಹ ತಡೆಯುತ್ತದೆಯೇ? ಖಾಲಿ ಜಾಗ ಇದ್ದಷ್ಟು ತಡೆಯುತ್ತದೆ, ತುಂಬಿದ ಮೇಲೆ ಇಲ್ಲ. ನಮ್ಮ ಕೆರೆಯಲ್ಲಿ ಹೊಸ್ತಿಲಿನಿಂದ ಕೆಳಗೆ ಐದಡಿ ಖಾಲಿ ಇಟ್ಟರೆ 75 ಲಕ್ಷ ಲೀಟರ್ ಹಿಡಿಸುತ್ತದೆ. ಮೇಲೆ ಹೇಳಿದ ಆ ಒಂದು ಗಂಟೆಯ ಮಳೆ ತರುವುದು ಒಂದು ಕೋಟಿ ಲೀಟರ್. ಅಂದರೆ ಒಂದು ಕೆಟ್ಟ ಗಂಟೆಯ ಮುಕ್ಕಾಲು ಪಾಲು ಕೆರೆಯಲ್ಲೇ ನಿಂತು, ಕೆಳಗಿನ ಮೋರಿಗೆ ನಿಧಾನವಾಗಿ ಹೋಗುತ್ತದೆ. ಆದರೆ ಮೊದಲ ಮಳೆಗೇ ತೂಬು (ಏರಿಯ ಅಡಿಯಿಂದ ನೀರು ಬಿಡುವ ಬಾಯಿ) ಮುಚ್ಚಿ ಜೂನ್ ಕೊನೆಗೆ ಕೆರೆ ತುಂಬಿಸಿಕೊಂಡವರಿಗೆ ಜುಲೈ, ಆಗಸ್ಟ್‌ನಲ್ಲಿ ಈ ಜಾಗವೇ ಇರುವುದಿಲ್ಲ. ನಾನು ತೂಬು ಮುಚ್ಚುವುದು ಸೆಪ್ಟೆಂಬರ್ 15ರ ನಂತರ. ಹಳ್ಳ ಆಗಲೂ ಹರಿಯುತ್ತಿರುತ್ತದೆ, ಅಕ್ಟೋಬರ್ ಮಳೆಯೂ ಇದೆ, ಹೂಮಳೆಗೆ ನೀರು ಕಡಿಮೆಯಾಗುವುದಿಲ್ಲ.

ತೂಬಿನ ಪೈಪು 8 ಇಂಚಿನದು. ಆರೇಳು ಅಡಿ ನೀರಿನ ಒತ್ತಡದಲ್ಲಿ 30 ಮೀಟರ್ ಉದ್ದದ ಈ ಪೈಪು ಸೆಕೆಂಡಿಗೆ 90 ಲೀಟರ್ ಬಿಡುತ್ತದೆ, ದಿನಕ್ಕೆ 80 ಲಕ್ಷ ಲೀಟರ್ ಹತ್ತಿರ. ದಿನವಿಡೀ ಸುರಿಯುವ 75–80 ಮಿ.ಮೀ. ಮಳೆಯನ್ನು ಅದೊಂದೇ ಸಾಗಿಸುತ್ತದೆ, ಕೆರೆ ಏರುವುದಿಲ್ಲ. 6 ಇಂಚಿನ ಪೈಪಾದರೆ ಇದರ ಅರ್ಧ ಮಾತ್ರ. ಪೈಪು ಕೊಳ್ಳುವಾಗ ಉಳಿಸಿದ ದುಡ್ಡಿಗೆ ಮಳೆಗಾಲ ಪೂರ್ತಿ ಆತಂಕ ಕೊಂಡಂತೆ.

ವಾಲ್ವ್ ಕೆರೆಯ ಒಳಬದಿಯಲ್ಲೇ ಇರಲಿ. ಹೊರಬದಿಯಲ್ಲಿಟ್ಟರೆ ಏರಿಯೊಳಗಿನ ಪೈಪು ವರ್ಷವಿಡೀ ಒತ್ತಡದಲ್ಲಿರುತ್ತದೆ. ಒಂದು ಜಾಯಿಂಟ್ ಸೋರಿದರೂ ನೀರು ಪೈಪಿನ ಹೊರಮೈ ಹಿಡಿದು ಮಣ್ಣನ್ನು ಎಳೆದುಕೊಂಡು ಹೋಗುತ್ತದೆ. ಪೈಪು ಬದಲಾಯಿಸಲು ಏರಿ ಕಡಿಯುವಾಗ ಗುಂಡಿಯ ಗೋಡೆ ನೆಟ್ಟಗಿರಬಾರದು. ಒಂದಕ್ಕೆ ಒಂದರ ಇಳಿಜಾರು ಬಿಟ್ಟರೆ ಹೊಸ ಮಣ್ಣು ಹಳೆಯದಕ್ಕೆ ಕಚ್ಚಿಕೊಳ್ಳುತ್ತದೆ. ಪೈಪಿನ ಸುತ್ತ ಕೈಯಿಂದಲೇ ದಮ್ಮಸ್ಸು ಹೊಡೆದು, ಮಣ್ಣನ್ನು ನಾಲ್ಕು ನಾಲ್ಕು ಇಂಚಿನ ಪದರವಾಗಿ ಕೂರಿಸಬೇಕು. ಹೊರಬದಿಯ ಮೂರನೇ ಒಂದು ಪಾಲಿನಲ್ಲಿ ಪೈಪಿನ ಸುತ್ತ ಒಂದಡಿ ದಪ್ಪ ಶುದ್ಧ ಮರಳು ತುಂಬಿ, ಆ ಮರಳಿನ ನೀರು ಬುಡದ ಕಲ್ಲುರಾಶಿಗೆ ಇಳಿಯುವಂತೆ ಮಾಡಿದರೆ, ಜಿನುಗು ಬಂದರೂ ಮಣ್ಣು ಬರುವುದಿಲ್ಲ. ಮಣ್ಣು ಅಗೆಯುವ ಹಿಟಾಚಿ ಯಂತ್ರದ ಚೈನ್ ಓಡಾಡಿದರೆ ಮಣ್ಣು ಗಟ್ಟಿಯಾಯಿತು ಎನ್ನುವವರಿದ್ದಾರೆ. ಅದರ ಭಾರ ಅಗಲಕ್ಕೆ ಹಂಚಿಹೋಗುತ್ತದೆ, ಒತ್ತಡ ಸಾಲದು. ರೋಲರ್ ಬೇಕು. ಮಣ್ಣಿನ ಹದ ನೋಡಲು ಮುಷ್ಟಿಯಲ್ಲಿ ಹಿಂಡಬೇಕು: ಉಂಡೆ ನಿಲ್ಲಬೇಕು, ಬೆರಳಿಗೆ ಕೆಸರು ಹತ್ತಬಾರದು, ಸೊಂಟದೆತ್ತರದಿಂದ ಬಿಟ್ಟರೆ ಎರಡು ಮೂರು ಹೋಳಾಗಬೇಕು.

ತುಂಬಿದ ಕೆರೆಯನ್ನು ಗಾಬರಿಯಲ್ಲಿ ಒಮ್ಮೆಲೇ ಇಳಿಸಬಾರದು. ಒಳಮೈ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ; ಎದುರಿನ ನೀರಿನ ಆಸರೆ ಥಟ್ಟನೆ ಹೋದರೆ ಹೋಳು ಹೋಳಾಗಿ ಜಾರುತ್ತದೆ. ದಿನಕ್ಕೆ ಒಂದಡಿ ನನ್ನ ಮಿತಿ. ಐದಡಿ ಇಳಿಸಲು ಐದು ದಿನ ಬೇಕು ಎಂದಾಯಿತು, ಅದಕ್ಕೇ ಮಳೆ ಮುನ್ಸೂಚನೆ ಕೇಳಿ ತೂಬು ಎತ್ತಿದರೆ ತಡವಾಗುತ್ತದೆ.

ಇನ್ನು ಜಿನುಗು. ಮಣ್ಣಿನ ಏರಿ ಎಂದ ಮೇಲೆ ಸ್ವಲ್ಪ ಜಿನುಗಿಯೇ ಜಿನುಗುತ್ತದೆ. ಎಷ್ಟು, ಎಂಥದು, ನಿನ್ನೆಗಿಂತ ಹೆಚ್ಚೇ ಎಂಬುದಷ್ಟೇ ಪ್ರಶ್ನೆ. ಬುಡದ ಜಿನುಗನ್ನೆಲ್ಲ ಒಂದು ಸಣ್ಣ ಕಾಲುವೆಗೆ ಸೇರಿಸಿ, ಕೊನೆಯಲ್ಲಿ ಪೈಪಿನ ತುಂಡು ಇಟ್ಟಿದ್ದೇನೆ. ಅದರಡಿ 10 ಲೀಟರ್ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡ್ ಎಂದು ಕೆರೆಯ ಮಟ್ಟದ ಜೊತೆಗೆ ಪುಸ್ತಕದಲ್ಲಿ ಬರೆಯುತ್ತೇವೆ. ಕೆರೆಯ ಮಟ್ಟ ಅಷ್ಟೇ ಇದ್ದು 60 ಸೆಕೆಂಡ್ ಇದ್ದದ್ದು 40ಕ್ಕೆ ಇಳಿದರೆ ಒಳಗೆ ದಾರಿ ಅಗಲವಾಗುತ್ತಿದೆ ಎಂದರ್ಥ. ಅದೇ ನೀರನ್ನು ಗಾಜಿನ ಬಾಟಲಿಯಲ್ಲಿ ತುಂಬಿ ರಾತ್ರಿ ಇಡಬೇಕು. ಬೆಳಿಗ್ಗೆ ತಳದಲ್ಲಿ ಮಣ್ಣಿನ ಗೆರೆ ಕಂಡರೆ ಏರಿ ಒಳಗಿನಿಂದ ಕರಗುತ್ತಿದೆ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ತುಕ್ಕು ಬಣ್ಣದ ಲೋಳೆ ಕಟ್ಟುವುದು ಸಾಮಾನ್ಯ. ಅದು ಕಬ್ಬಿಣದ ಅಂಶ, ಬೆರಳಲ್ಲಿ ಉಜ್ಜಿದರೆ ನುಣ್ಣಗಿರುತ್ತದೆ. ಮಣ್ಣಾದರೆ ಚರಚರ ಎನ್ನುತ್ತದೆ.

ಬುಡದಲ್ಲಿ ನೀರು ಕುದಿದಂತೆ ಉಕ್ಕಿ, ಸುತ್ತ ಮರಳಿನ ಉಂಗುರ ಕಟ್ಟುತ್ತಿದ್ದರೆ ಜೇಡಿಮಣ್ಣು ತುರುಕಿ ಮುಚ್ಚಬಾರದು, ಒತ್ತಡ ಪಕ್ಕದಲ್ಲಿ ಬಾಯಿ ತೆರೆಯುತ್ತದೆ. ಮೊದಲು ಒಂದಡಿ ಮರಳು, ಅದರ ಮೇಲೆ ಅರ್ಧ ಇಂಚಿನ ಜಲ್ಲಿ, ಅದರ ಮೇಲೆ ಬೋಲ್ಡರ್. ನೀರು ಬರಲಿ, ಮಣ್ಣು ಬರದಿರಲಿ. ಮೇ ತಿಂಗಳಲ್ಲೇ ಒಂದು ಟಿಪ್ಪರ್ ಮರಳು, ಒಂದು ಟಿಪ್ಪರ್ ಜಲ್ಲಿ, 100 ಖಾಲಿ ಚೀಲ ಏರಿಯ ಪಕ್ಕದಲ್ಲಿ ಇರಬೇಕು. ಜುಲೈನಲ್ಲಿ ಟಿಪ್ಪರ್ ತೋಟದ ರಸ್ತೆ ಹತ್ತುವುದಿಲ್ಲ.

ಇದನ್ನೆಲ್ಲ ನೋಡಬೇಕಾದರೆ ಏರಿ ಕಾಣಬೇಕು. ಲಂಟಾನ ಸವರಿ ಗರಿಕೆ ಬೆಳೆಸಿ, ಹೊರಮೈಗೆ ಅಡ್ಡಸಾಲಿನಲ್ಲಿ ಲಾವಂಚ ನೆಡಬಹುದು. ಏರಿಯ ಮೇಲೆ ಕಾಫಿ, ಮೆಣಸು, ಸಿಲ್ವರ್ ಓಕ್ ಬೇಡವೇ ಬೇಡ. ಮರ ಸತ್ತ ಮೇಲೆ ಕೊಳೆತ ಬೇರಿನ ಜಾಗವೇ ನೀರಿನ ಕೊಳವೆ. ಏಡಿ, ಹೆಗ್ಗಣ, ಮುಳ್ಳುಹಂದಿಯ ಬಿಲಗಳನ್ನು ಏಪ್ರಿಲ್‌ನಲ್ಲೇ ಅಗೆದು, ಕೊನೆ ಸಿಕ್ಕ ಮೇಲೆ ಮಣ್ಣು ತುಂಬಿ ದಮ್ಮಸ್ಸು ಹೊಡೆಯಬೇಕು. ಬಾಯಿಯನ್ನಷ್ಟೇ ಮುಚ್ಚಿದರೆ ಬಿಲ ಒಳಗೆ ಹಾಗೆಯೇ ಇರುತ್ತದೆ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದವಕ್ಕೆ, ಕೆಲವು ಷರತ್ತುಗಳಿದ್ದರೆ 10 ಮೀಟರ್ ಮೇಲ್ಪಟ್ಟವಕ್ಕೆ ಅನ್ವಯಿಸುತ್ತದೆ. ಐದೂವರೆ ಮೀಟರಿನ ನಮ್ಮ ಏರಿ ಅದರಲ್ಲಿ ಬರುವುದಿಲ್ಲ. ಆದರೆ ಕೀನ್ಯಾದ ಸೊಲಾಯಿಯಲ್ಲಿ 2018ರ ಮೇ 9ರ ರಾತ್ರಿ ಒಡೆದದ್ದೂ ಖಾಸಗಿ ತೋಟದ ಮಣ್ಣಿನ ಕಟ್ಟೆಯೇ; ಕೆಳಗಿದ್ದವರಲ್ಲಿ ಕನಿಷ್ಠ 47 ಜನ ಸತ್ತರು. ನಮ್ಮಲ್ಲಿ ಒಂದೇ ಹಳ್ಳದ ಮೇಲೆ ಮೂರು ನಾಲ್ಕು ತೋಟದ ಕೆರೆಗಳು ಸಾಲಾಗಿರುತ್ತವೆ. ಮೇಲಿನದು ಒಡೆದರೆ ಕೆಳಗಿನ ಯಾವ ಕೋಡಿಯೂ ಆ ನೀರನ್ನು ತಡೆದುಕೊಳ್ಳುವುದಿಲ್ಲ. ಆದ್ದರಿಂದ ಮೇಲಿನ ತೋಟದ ರೈಟರ್ (ಲೆಕ್ಕ, ಉಸ್ತುವಾರಿಯವರು), ಕೆಳಗಿನ ಗದ್ದೆಯವರು, ಲೈನ್ ಮೇಸ್ತ್ರಿ ಇವರೆಲ್ಲರ ನಂಬರ್ ಪಂಪ್‌ಹೌಸ್ ಬಾಗಿಲಿಗೆ ಬರೆದಿದೆ. ಹೊಸ್ತಿಲ ಮೇಲೆ ಒಂದಡಿಗೆ ಕೆಂಪು ಗೆರೆ ಇದೆ. ನೀರು ಆ ಗೆರೆ ಮುಟ್ಟಿದರೆ ಕೆಳಗಿನ ಲೈನ್ ಮನೆಯವರು ಎದ್ದು ಮೇಲಿನ ಕಾಫಿ ಗೋಡೌನ್‌ಗೆ ಬರಬೇಕು, ರಾತ್ರಿ ಎರಡು ಗಂಟೆಯಾದರೂ ಸರಿ.

ಮಳೆ ಮುಗಿದ ಮೇಲೆ ಗಾರೆಯವರ ನೀರಿನ ಟ್ಯೂಬ್ ಹಿಡಿದು ನೆತ್ತಿಯ ಮಟ್ಟ ನೋಡುತ್ತೇವೆ, ಹತ್ತಡಿಗೊಂದು ಗುರುತು. ಜೀಪ್ ಓಡಾಡಿದ ನಡುಭಾಗ ಅರ್ಧ ಅಡಿ ತಗ್ಗಿರುವುದು ಹೆಚ್ಚು. ನೀರು ಮೊದಲು ಹಾಯುವುದು ಅಲ್ಲೇ. ಡಿಸೆಂಬರ್ ಒಳಗೆ ಅದನ್ನು ಮಣ್ಣು ಹಾಕಿ ಎತ್ತರಿಸಿ, ಏರಿಯ ಎರಡೂ ತುದಿಗೆ ಕಲ್ಲುಕಂಬ ನೆಟ್ಟು ಜೀಪ್ ದಾರಿ ಬಂದ್ ಮಾಡಬೇಕು.