ಗೆಡ್ಡೆ ತಿಂದವರು ಯಾರು? ಇಲಿ, ಹುಳು, ಅಳಿಲುಗಳಿಂದ ಕೈತೋಟವನ್ನು ಕಾಯ್ದುಕೊಂಡ ನನ್ನ ಅನುಭವ

ಸಿಹಿಗೆಣಸಿನ ಬಳ್ಳಿ ಪಾತಿಯ ತುಂಬ ಹಬ್ಬಿ, ಎಲೆಗಳು ಕಡುಹಸಿರಾಗಿ ನಳನಳಿಸುತ್ತಿದ್ದುದರಿಂದ ಆ ವರ್ಷದ ಫಸಲಿನ ಬಗ್ಗೆ ನನಗೆ ಯಾವ ಅನುಮಾನವೂ ಇರಲಿಲ್ಲ. ಅಗೆಯುವ ದಿನ ಮೊದಲ ಬುಡವನ್ನು ಎತ್ತಿದಾಗ ಕೈಗೆ ಬಂದದ್ದು ಗೆಡ್ಡೆಯಲ್ಲ, ಗೆಡ್ಡೆಯ ಸಿಪ್ಪೆ. ಒಳಗಿನ ತಿರುಳೆಲ್ಲ ಖಾಲಿಯಾಗಿ ದೋಣಿಯಾಕಾರದ ಹೊರಪದರ ಮಾತ್ರ ಮಣ್ಣಿನಲ್ಲಿ ಉಳಿದಿತ್ತು. ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ, ಸಣ್ಣ ಉಳಿಯಿಂದ ಕೆತ್ತಿದಂತೆ ಎರಡೆರಡು ಗೀರುಗಳು ಜೋಡಿ ಜೋಡಿಯಾಗಿ ಸಾಲುಗಟ್ಟಿದ್ದವು. ಹನ್ನೊಂದು ಬುಡಗಳಲ್ಲಿ ಏಳರ ಗತಿ ಇದೇ ಆಗಿತ್ತು. ದಿನವೂ ಪಾತಿಯ ಪಕ್ಕದಲ್ಲಿ ನಿಂತು ನೀರುಣಿಸುತ್ತಿದ್ದರೂ ನೆಲದೊಳಗೆ ನಡೆಯುತ್ತಿದ್ದುದರ ಸುಳಿವು ನನಗೆ ಸಿಕ್ಕಿರಲಿಲ್ಲ.

ಆ ಜೋಡಿ ಗೀರು ಇಲಿ, ಹೆಗ್ಗಣಗಳಂತಹ ದಂಶಕ ಪ್ರಾಣಿಗಳ ಗುರುತು. ಅವುಗಳ ಬಾಚಿಹಲ್ಲುಗಳು ಜೀವಮಾನವಿಡೀ ಬೆಳೆಯುತ್ತವೆ. ಹಲ್ಲಿನ ಮುಂಬದಿಗೆ ಮಾತ್ರ ಗಟ್ಟಿಯಾದ ಎನಾಮಲ್ ಇದ್ದು ಹಿಂಬದಿ ಮೆದುವಾಗಿರುವುದರಿಂದ, ಕಡಿದಷ್ಟೂ ಹಿಂಬದಿ ಸವೆದು ಮುಂದಿನ ಅಂಚು ಹರಿತವಾಗುತ್ತಲೇ ಹೋಗುತ್ತದೆ. ಮರದ ಹಲಗೆ, ಪ್ಲಾಸ್ಟಿಕ್ ಬಲೆ, ನೀರಿನ ಕೊಳವೆ ಯಾವುದೂ ಅವುಗಳಿಗೆ ಅಡ್ಡಿಯಾಗದಿರುವುದಕ್ಕೆ ಇದೇ ಕಾರಣ. ನನ್ನ ಹನಿ ನೀರಾವರಿಯ ಕೊಳವೆಯನ್ನು ಒಂದೇ ಬೇಸಿಗೆಯಲ್ಲಿ ನಾಲ್ಕು ಕಡೆ ಕಡಿದಿದ್ದವು.

ಇಷ್ಟಾದರೂ, ತೋಟದಲ್ಲಿ ಏನೇ ಹಾಳಾದರೂ ಇಲಿಯ ಮೇಲೆ ಹೊರಿಸುವುದು ತಪ್ಪು ಎಂಬುದನ್ನು ನಾನು ಅದರ ಹಿಂದಿನ ವರ್ಷವೇ ಕಲಿತಿದ್ದೆ. ಆಗ ಟೊಮೆಟೊ ಮತ್ತು ಬದನೆಯ ಎಳೆ ಸಸಿಗಳು ಬೆಳಗಾಗುವಷ್ಟರಲ್ಲಿ ನೆಲಮಟ್ಟಕ್ಕೆ ತುಂಡಾಗಿ ಬಿದ್ದಿರುತ್ತಿದ್ದವು. ಇಲಿಯೆಂದೇ ತೀರ್ಮಾನಿಸಿ ಐದು ರಾತ್ರಿ ಬೋನು ಇಟ್ಟೆ. ಬೋನಿಗೆ ಏನೂ ಬೀಳಲಿಲ್ಲ, ಸಸಿಗಳು ಮಾತ್ರ ಬೀಳುತ್ತಲೇ ಇದ್ದವು. ಆರನೆಯ ದಿನ ಸ್ವಲ್ಪ ತಾಳ್ಮೆಯಿಂದ ನೋಡಿದಾಗ, ತುಂಡಾದ ಸಸಿಯನ್ನು ಯಾರೂ ತಿಂದಿಲ್ಲ, ಅದು ಬಿದ್ದಲ್ಲೇ ಬಾಡಿದೆ ಎಂಬುದು ಕಣ್ಣಿಗೆ ಬಿತ್ತು. ಬುಡದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಕೆದಕಿದರೆ ಬೂದುಬಣ್ಣದ, ಮೈತುಂಬಿಕೊಂಡ ಹುಳುವೊಂದು ಉಂಗುರದಂತೆ ಸುತ್ತಿಕೊಂಡು ಮಲಗಿತ್ತು. ಅದು ಕಾಂಡ ಕತ್ತರಿಸುವ ಹುಳು. ಹಗಲು ಮಣ್ಣಿನಲ್ಲಿ ಅಡಗಿದ್ದು ರಾತ್ರಿ ಹೊರಬರುವ ಪತಂಗದ ಮರಿ. ತಳ ಕತ್ತರಿಸಿದ ಕಾಗದದ ಲೋಟವನ್ನು ಪ್ರತಿ ಸಸಿಯ ಸುತ್ತ, ಮೂರು ಸೆಂಟಿಮೀಟರ್ ಮಣ್ಣಿನೊಳಗೆ ಇಳಿಯುವಂತೆ ನಿಲ್ಲಿಸಿದೆ. ಆಮೇಲೆ ನೆಟ್ಟ ಸಸಿಗಳಲ್ಲಿ ಒಂದೂ ತುಂಡಾಗಲಿಲ್ಲ.

ಹೀಗಾಗಿ ಸಿಹಿಗೆಣಸಿನ ನಷ್ಟವಾದಾಗ ಗೀರು ಕಣ್ಣೆದುರಿಗೇ ಇದ್ದರೂ ಮೊದಲು ಸಾಕ್ಷ್ಯ ಕಲೆಹಾಕಿದೆ. ಪಾತಿಯ ಅಂಚಿಗೂ ಗೋಡೆಯ ಉದ್ದಕ್ಕೂ ಸಂಜೆ ಜರಡಿ ಹಿಡಿದ ಬೂದಿಯನ್ನು ತೆಳ್ಳಗೆ ಹರಡಿ, ಬೆಳಿಗ್ಗೆ ಬಿಸಿಲು ಏರುವ ಮುನ್ನ ನೋಡುತ್ತಿದ್ದೆ. ಮುಂಗಾಲಿನ ನಾಲ್ಕು ಬೆರಳು, ಹಿಂಗಾಲಿನ ಐದು ಬೆರಳು, ಕೆಲವೆಡೆ ಬಾಲ ಎಳೆದ ಸಣ್ಣ ಗೆರೆ ಬೂದಿಯಲ್ಲಿ ಸ್ಪಷ್ಟವಾಗಿ ಮೂಡಿರುತ್ತಿತ್ತು. ಅಳಿಲಿನ ಹೆಜ್ಜೆಯಲ್ಲೂ ಬೆರಳುಗಳ ಲೆಕ್ಕ ಇದೇ ಆದರೂ ಅಳಿಲು ಹಗಲಿನ ಪ್ರಾಣಿ. ಕತ್ತಲಾದ ಮೇಲೆ ಹರಡಿ, ಬೆಳಕಾಗುವ ಹೊತ್ತಿಗೇ ಪರೀಕ್ಷಿಸಿದ ಬೂದಿಯಲ್ಲಿ ಅದರ ಹೆಜ್ಜೆ ಇರುವುದಿಲ್ಲ. ಇನ್ನು ಹಿಕ್ಕೆಯ ಅಳತೆಯೂ ಮಾತಾಡುತ್ತದೆ. ಚಿಟ್ಟಿಲಿಯದು ಅಕ್ಕಿಕಾಳಿನಷ್ಟು, ಎರಡೂ ತುದಿ ಚೂಪು. ದೊಡ್ಡ ಇಲಿಯದು ಒಂದರಿಂದ ಎರಡು ಸೆಂಟಿಮೀಟರ್ ಉದ್ದವಿರುತ್ತದೆ. ಇಲಿಯ ಮೂತ್ರದಿಂದ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಹರಡುವ ಕಾರಣ ಹಿಕ್ಕೆಯನ್ನಾಗಲಿ ಬಿಲದ ಬಾಯಿಯ ಹಸಿ ಮಣ್ಣನ್ನಾಗಲಿ ಕೈಗವಸು ಇಲ್ಲದೆ ಮುಟ್ಟಬಾರದು. ಕಾಲಿನಲ್ಲಿ ಗಾಯವಿದ್ದಾಗ ಬರಿಗಾಲಿನಲ್ಲಿ ಪಾತಿಗೆ ಇಳಿಯಲೇಬಾರದು.

ಗೋಡೆಯ ಬದಿಯಲ್ಲಿ ಎಂಟು ಬಿಲಗಳಿದ್ದವು. ಎಲ್ಲವೂ ಬಳಕೆಯಲ್ಲಿವೆಯೇ ಎಂದು ತಿಳಿಯಲು ಒಂದು ಸಂಜೆ ಎಂಟಕ್ಕೂ ಮಣ್ಣು ತುಂಬಿ ಕಾಲಿನಿಂದ ಒತ್ತಿದೆ. ಮರುದಿನ ಮೂರು ಮಾತ್ರ ತೆರೆದಿದ್ದವು. ಈ ಒಂದು ಸಂಜೆಯ ಕೆಲಸದಿಂದ, ಎಲ್ಲಿ ಗಮನ ಕೊಡಬೇಕೆಂಬುದು ಖಚಿತವಾಯಿತು.

ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡದೆ ಹೇಳಬೇಕು. ಸಿಟ್ಟಿನಲ್ಲಿ ಇಲಿ ಪಾಷಾಣ ತಂದು ಆ ಮೂರು ಬಿಲಗಳ ಬಳಿ ಇಟ್ಟೆ. ನಾನು ತಂದದ್ದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಬಗೆಯ ವಿಷ. ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಒಳಗೊಳಗೇ ರಕ್ತಸ್ರಾವವಾಗಿ ಹಲವು ದಿನಗಳ ನಂತರ ಸಾಯುತ್ತದೆ. ಐದನೆಯ ದಿನ ಮಧ್ಯಾಹ್ನ, ಇಲಿ ಹೊರಬರಲೇಬಾರದ ಹೊತ್ತಿನಲ್ಲಿ, ಒಂದು ಇಲಿ ಪಾತಿಯ ನಡುವೆ ತಡವರಿಸುತ್ತ ಬಂದು ನಿಂತಿತು. ನಾನು ಸಲಿಕೆ ತರಲು ತಿರುಗುವಷ್ಟರಲ್ಲಿ ಕಾಗೆಯೊಂದು ಇಳಿದು ಅದನ್ನು ಕಚ್ಚಿಕೊಂಡು ಹಾರಿಹೋಯಿತು. ಇಲಿಯ ದೇಹದಲ್ಲಿ ಉಳಿದ ವಿಷ ಅದನ್ನು ತಿಂದ ಗೂಬೆ, ಹದ್ದು, ಬೆಕ್ಕುಗಳಿಗೂ ದಾಟುತ್ತದೆ ಎಂಬುದನ್ನು ನಾನು ಮೊದಲೇ ಓದಿದ್ದೆ, ಓದಿದ್ದೂ ಇಟ್ಟಿದ್ದೆ. ಅಂದು ಸಂಜೆಯೇ ಉಳಿದ ಪಾಷಾಣವನ್ನೆಲ್ಲ ಆಯ್ದು ತೆಗೆದೆ. ಗೂಬೆ ಒಂದು ರಾತ್ರಿಗೆ ಮೂರು ನಾಲ್ಕು ಇಲಿಗಳನ್ನು ಹಿಡಿಯಬಲ್ಲದು. ನಮ್ಮ ಪರವಾಗಿ ದುಡಿಯುವ ಅಂಥ ಜೀವವನ್ನು ಕೊಂದು ಇಲಿಯನ್ನು ಗೆಲ್ಲಲಾಗದು ಎಂಬುದು ನನ್ನ ಗಟ್ಟಿ ನಂಬಿಕೆ.

ವಿಷ ಬಿಟ್ಟ ಮೇಲೆ ಮೊದಲು ಕೈಹಾಕಿದ್ದು ಅಡಗುತಾಣಗಳಿಗೆ. ಗೋಡೆಗೆ ಒರಗಿಸಿದ್ದ ಹಳೆಯ ಹಲಗೆ, ಒಡೆದ ಕುಂಡ, ಇಟ್ಟಿಗೆಗಳ ರಾಶಿಯನ್ನೆಲ್ಲ ತೆರವು ಮಾಡಿ ಗೋಡೆಯ ಉದ್ದಕ್ಕೂ ಒಂದು ಮೀಟರ್ ಅಗಲದ ಬರಿ ನೆಲ ಬಿಟ್ಟೆ. ಇಲಿಗಳು ಬಯಲಿನಲ್ಲಿ ಓಡಲು ಹಿಂಜರಿಯುತ್ತವೆ, ಯಾವುದಾದರೊಂದು ಮರೆಯ ಅಂಚನ್ನು ಹಿಡಿದೇ ಸಾಗುತ್ತವೆ. ಸೌದೆಯನ್ನು ನೆಲದಿಂದ ನಲವತ್ತೈದು ಸೆಂಟಿಮೀಟರ್ ಎತ್ತರದ ಅಟ್ಟಕ್ಕೆ ಏರಿಸಿದೆ. ಕಾಂಪೋಸ್ಟ್ ರಾಶಿಯನ್ನು ತಿರುವಿದಾಗ ಒಣಗಿದ ತಳದಲ್ಲಿ ಎಲೆ ಮತ್ತು ಕಾಗದದ ಚೂರುಗಳಿಂದ ಕಟ್ಟಿದ ಗೂಡು ಸಿಕ್ಕಿತು. ಒಣಗಿ, ಕದಲದೆ ಬಿದ್ದಿರುವ ರಾಶಿ ಇಲಿಗೆ ಬೆಚ್ಚನೆಯ ಮನೆ. ಒದ್ದೆಯಾಗಿಟ್ಟು ವಾರಕ್ಕೊಮ್ಮೆ ತಿರುವಿದರೆ ಅಲ್ಲಿ ಸಂಸಾರ ಹೂಡಲು ಆಗುವುದಿಲ್ಲ. ಈಗ ತೊಟ್ಟಿಯ ತಳಕ್ಕೆ ಜಾಲರಿ ಹಾಸಿದ್ದೇನೆ, ಬೇಯಿಸಿದ ಆಹಾರವನ್ನು ಅದಕ್ಕೆ ಹಾಕುವುದಿಲ್ಲ. ಇಲಿಯ ಗರ್ಭಾವಧಿ ಸುಮಾರು ಮೂರು ವಾರ ಮಾತ್ರ. ಅಡಗುತಾಣವನ್ನೂ ಆಹಾರವನ್ನೂ ಹಾಗೇ ಬಿಟ್ಟು ಬರಿಯ ಬೋನಿನಿಂದ ಹಿಡಿಯುತ್ತ ಹೋದರೆ, ಹಿಡಿದದ್ದಕ್ಕಿಂತ ಹುಟ್ಟಿದ್ದೇ ಹೆಚ್ಚಾಗುತ್ತದೆ.

ಜಾಲರಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನನ್ನ ತೋಟವನ್ನು ನಿಜವಾಗಿ ಉಳಿಸಿದ್ದು ಅದೇ, ಮತ್ತು ಅದರಲ್ಲೇ ನಾನು ಮೊದಲ ಸಲ ಎಡವಿದ್ದು. ಅಗ್ಗವೆಂದು ಕೋಳಿಗೂಡಿಗೆ ಬಳಸುವ ಷಟ್ಕೋನ ಕಣ್ಣಿನ ತೆಳು ಜಾಲರಿಯನ್ನು ತಂದು ಸುತ್ತ ಕಟ್ಟಿದೆ. ಅದರ ಕಣ್ಣು ಇಪ್ಪತ್ತೈದು ಮಿಲಿಮೀಟರ್ ಇತ್ತು. ಮರಿ ಇಲಿಗಳಿಗೆ ಅದು ಬಾಗಿಲು ತೆರೆದಿಟ್ಟಂತೆ. ಚಿಟ್ಟಿಲಿಗಂತೂ ಆರು ಮಿಲಿಮೀಟರಿಗಿಂತ ತುಸು ದೊಡ್ಡ ಸಂದು ಸಾಕು. ತಲೆ ತೂರಿದರೆ ಮೈ ತೂರಿದಂತೆಯೇ. ಎರಡನೆಯ ಸಲ ಆರು ಮಿಲಿಮೀಟರ್ ಚೌಕಕಣ್ಣಿನ, ಬೆಸುಗೆ ಹಾಕಿದ, ಸತುವಿನ ಲೇಪವಿರುವ ಜಾಲರಿಯನ್ನು ತಂದೆ.

ಇಡೀ ತೋಟಕ್ಕೆ ಬೇಲಿ ಹಾಕುವ ಆಸೆಯನ್ನು ಬಿಟ್ಟು, ಗೆಡ್ಡೆ ಬೆಳೆಯುವ ಎರಡು ಪಾತಿಗಳನ್ನು ಮತ್ತು ಬೀಜದ ಮಡಿಯನ್ನು ಮಾತ್ರ ಆರಿಸಿಕೊಂಡೆ. ಗೆಡ್ಡೆಯ ಪಾತಿಗಳನ್ನು ನಲವತ್ತು ಸೆಂಟಿಮೀಟರ್ ಆಳಕ್ಕೆ ಅಗೆದು, ತಳಕ್ಕೆ ಜಾಲರಿ ಹಾಸಿ, ನಾಲ್ಕೂ ಬದಿಗೆ ಮೇಲೆ ಬರುವಂತೆ ಮಡಿಸಿ, ಮಣ್ಣನ್ನು ಮತ್ತೆ ತುಂಬಿದೆ. ಎರೆಹುಳು ಸಲೀಸಾಗಿ ಓಡಾಡುತ್ತದೆ, ನೀರು ಬಸಿಯುತ್ತದೆ, ಇಲಿ ಕೆಳಗಿನಿಂದ ಬರಲಾರದು. ಬೀಜದ ಮಡಿಗೆ ತಳದ ಜಾಲರಿ ಬೇಡವೆನಿಸಿ, ಸುತ್ತಲೂ ಮೂವತ್ತು ಸೆಂಟಿಮೀಟರ್ ಆಳದ ಕಾಲುವೆ ತೋಡಿ, ಜಾಲರಿಯ ಕೆಳ ಅಂಚನ್ನು ಹೊರಮುಖವಾಗಿ ಇಪ್ಪತ್ತು ಸೆಂಟಿಮೀಟರ್ ಮಡಿಸಿ ಹೂತೆ. ಬೇಲಿಯ ಬುಡಕ್ಕೇ ಬಂದು ಅಗೆಯಲಾರಂಭಿಸುವ ಇಲಿ ಈ ಮಡಿಕೆಯ ಮೇಲೆಯೇ ನಿಂತಿರುತ್ತದೆ, ಅಗೆದಷ್ಟೂ ತಂತಿಯೇ ಸಿಗುತ್ತದೆ. ಹಿಂದೆ ಸರಿದು ಅಗೆಯುವ ಉಪಾಯ ಅದಕ್ಕೆ ಸುಲಭವಾಗಿ ಹೊಳೆಯುವುದಿಲ್ಲ. ನೆಲದ ಮೇಲೆ ಅರವತ್ತು ಸೆಂಟಿಮೀಟರ್ ಎತ್ತರ ಇಟ್ಟು, ಹತ್ತಿ ದಾಟದಂತೆ ಮೇಲಂಚಿಗೆ ನುಣುಪು ತಗಡಿನ ಪಟ್ಟಿ ಸುತ್ತಿದೆ. ಎರಡು ತುಂಡು ಸೇರುವ ಕಡೆ ಒಂದರ ಮೇಲೊಂದು ಹತ್ತು ಸೆಂಟಿಮೀಟರ್ ಏರಿಸಿ ತಂತಿಯಿಂದ ಹೊಲಿಯಬೇಕು. ನಾನು ಒಂದು ಮೂಲೆಯಲ್ಲಿ ಹೊಲಿಯದೆ ಬಿಟ್ಟಿದ್ದೆ, ಮೂರನೆಯ ರಾತ್ರಿ ಅಲ್ಲಿಂದಲೇ ಒಳಹೊಕ್ಕು ಬಟಾಣಿ ಬೀಜಗಳನ್ನೆಲ್ಲ ಕೆದಕಿ ತಿಂದಿದ್ದವು.

ಬೋನುಗಳು ಆಮೇಲೆ ಬಂದವು. ದೊಡ್ಡ ಇಲಿಗಳಿಗೆ ಹೊಸ ವಸ್ತುವೆಂದರೆ ಭಯ. ನಿನ್ನೆ ಇಲ್ಲದ ಪೆಟ್ಟಿಗೆ ಇಂದು ದಾರಿಯಲ್ಲಿದ್ದರೆ ಸುತ್ತಿ ಹೋಗುತ್ತವೆ. ಆದ್ದರಿಂದ ಬೋನನ್ನು ಹೂಡದೆ, ತಿಂಡಿ ಮಾತ್ರ ಇಟ್ಟು ಒಂದು ವಾರ ಹಾಗೇ ಬಿಟ್ಟೆ. ತಿಂಡಿ ಸತತವಾಗಿ ಮೂರು ರಾತ್ರಿ ಖಾಲಿಯಾದ ಮೇಲೆಯೇ ಸ್ಪ್ರಿಂಗ್ ಏರಿಸಿದೆ. ಬೋನಿನ ತಿಂಡಿಯಿರುವ ತುದಿ ಗೋಡೆಯ ಕಡೆಗಿರುವಂತೆ ಅಡ್ಡಲಾಗಿಟ್ಟು, ಹಕ್ಕಿ, ಬೆಕ್ಕು ಸಿಕ್ಕಿಬೀಳದಂತೆ ಮೇಲೆ ಎರಡು ಕಡೆ ತೂತಿರುವ ಪೆಟ್ಟಿಗೆ ಬೋರಲು ಹಾಕುತ್ತಿದ್ದೆ. ಹೂಡಿದ ಮೊದಲ ರಾತ್ರಿಯೇ ಎರಡು ಬಿದ್ದವು, ಹದಿನೈದು ದಿನಗಳಲ್ಲಿ ಒಟ್ಟು ಒಂಬತ್ತು. ಆ ಬಳಿಕ ಬೂದಿಯಲ್ಲಿ ವಾರಗಟ್ಟಲೆ ಹೆಜ್ಜೆ ಕಾಣಲಿಲ್ಲ. ಇದಕ್ಕೂ ಮೊದಲು, ಶಬ್ದ ಹೊರಡಿಸಿ ಇಲಿ ಓಡಿಸುತ್ತದೆ ಎನ್ನುವ ಅಲ್ಟ್ರಾಸಾನಿಕ್ ಯಂತ್ರವನ್ನೂ ಒಂದು ತಿಂಗಳು ಇಟ್ಟು ನೋಡಿದ್ದೆ. ಬೂದಿಯಲ್ಲಿ ಹೆಜ್ಜೆಗಳು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಆ ಶಬ್ದ ಅಡ್ಡವಿರುವ ವಸ್ತುಗಳನ್ನು ದಾಟಲಾರದು, ಪ್ರಾಣಿಗಳೂ ಅದಕ್ಕೆ ಬೇಗ ಒಗ್ಗಿಕೊಳ್ಳುತ್ತವೆ.

ಅಳಿಲು, ಹಕ್ಕಿಗಳ ಲೆಕ್ಕವೇ ಬೇರೆ. ಮೆಣಸಿನಪುಡಿ ಕದಡಿದ ನೀರನ್ನು ಸಿಂಪಡಿಸಿದಾಗ ಅಳಿಲುಗಳು ಎರಡು ಮೂರು ದಿನ ದೂರವಿದ್ದವು, ಹಕ್ಕಿಗಳು ಲೆಕ್ಕಿಸಲೇ ಇಲ್ಲ. ಮೆಣಸಿನ ಖಾರ ಸಸ್ತನಿಗಳ ಬಾಯನ್ನು ಉರಿಸುತ್ತದೆ, ಹಕ್ಕಿಗಳಿಗೆ ಅದು ತಾಗುವುದೇ ಇಲ್ಲ. ಮಳೆ ಬಂದರೆ ಅಳಿಲಿನ ಮೇಲಿನ ಪರಿಣಾಮವೂ ತೊಳೆದುಹೋಗುತ್ತದೆ. ಟೊಮೆಟೊಗೆ ನಾನು ಕಂಡುಕೊಂಡ ಪರಿಹಾರ ಬಹಳ ಸರಳ. ಕಾಯಿಯ ತಳದಲ್ಲಿ ನಸುಗೆಂಪು ಮೂಡಿದೊಡನೆ ಕಿತ್ತು ಮನೆಯೊಳಗೆ ಹಣ್ಣಾಗಿಸುತ್ತೇನೆ. ಆ ಹಂತ ದಾಟಿದ ಕಾಯಿ ಗಿಡದಿಂದ ಬೇರೆಯಾದರೂ ಚೆನ್ನಾಗಿಯೇ ಮಾಗುತ್ತದೆ. ಉಳಿದ ಹಣ್ಣುಗಳಿಗೆ ತೆಳು ಬಟ್ಟೆಯ ಚೀಲ ಕಟ್ಟುತ್ತೇನೆ, ಇದರಿಂದ ಹಣ್ಣುನೊಣವೂ ಮೊಟ್ಟೆಯಿಡಲಾರದು.

ಹಕ್ಕಿಬಲೆಯನ್ನು ಮಾತ್ರ ಎಂದೂ ಸಡಿಲವಾಗಿ ಹೊದಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ನೆಲಕ್ಕೆ ಇಳಿಬಿದ್ದಿದ್ದ ನನ್ನ ಬಲೆಯಲ್ಲಿ ಒಂದು ಬೆಳಿಗ್ಗೆ ಕೇರೆ ಹಾವೊಂದು ಸಿಕ್ಕಿಕೊಂಡಿತ್ತು, ನೈಲಾನ್ ದಾರ ಅದರ ಹುರುಪೆಗಳ ಕೆಳಗೆ ಕೊರೆದಿತ್ತು. ತಲೆಯ ಮೇಲೆ ಒದ್ದೆ ಗೋಣಿ ಹೊದಿಸಿ, ಹಾವು ಹಿಡಿಯುವುದರಲ್ಲಿ ಪಳಗಿದವರೊಬ್ಬರು ಬರುವವರೆಗೂ ಕಾದೆ. ಅವರು ಒಂದೊಂದೇ ಎಳೆಯನ್ನು ಕತ್ತರಿಸಿ ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಹಾವು ಬದುಕಿತು. ಅದು ಬಂದದ್ದು ನನ್ನ ಇಲಿಗಳನ್ನು ಹುಡುಕಿಕೊಂಡು. ಈಗ ಬಲೆಯನ್ನು ಚೌಕಟ್ಟಿಗೆ ಬಿಗಿದು ಕಟ್ಟಿ, ನೆಲದಿಂದ ಒಂದು ಗೇಣು ಮೇಲೆಯೇ ನಿಲ್ಲಿಸುತ್ತೇನೆ.

ಬಸವನಹುಳುಗಳಿಗೆ ಹೆಚ್ಚು ಶ್ರಮ ಬೇಕಾಗಲಿಲ್ಲ. ನೀರುಣಿಸುವುದನ್ನು ಸಂಜೆಯಿಂದ ಬೆಳಿಗ್ಗೆಗೆ ಬದಲಿಸಿದ್ದರಿಂದ ರಾತ್ರಿ ನೆಲ ಒಣಗಿರುತ್ತದೆ. ಒದ್ದೆ ಹಲಗೆಯೊಂದನ್ನು ಪಾತಿಯ ಬದಿಗಿಟ್ಟರೆ ಮುಂಜಾನೆ ಅದರಡಿ ಸೇರಿರುವವನ್ನು ಕೈಗವಸು ಹಾಕಿ ಆಯಬಹುದು. ಉಪ್ಪು ಸುರಿಯುವುದು ಮಣ್ಣಿಗೆ ಕೇಡು.

ಜಾಲರಿ ಹಾಸಿದ ಮೇಲಿನ ಮೂರು ಬೆಳೆಗಳಲ್ಲಿ ಗೆಡ್ಡೆಯ ಪಾತಿಗೆ ಇಲಿ ಬಂದಿಲ್ಲ. ತಂತಿ ಮೊದಲು ತುಕ್ಕು ಹಿಡಿಯುವುದು ಮಣ್ಣಿನ ಮಟ್ಟದಲ್ಲಿ, ಒದ್ದೆಯೂ ಗಾಳಿಯೂ ಒಟ್ಟಿಗೆ ತಾಗುವ ಬೆರಳಗಲದ ಪಟ್ಟಿಯಲ್ಲಿ. ಆದ್ದರಿಂದ ತಿಂಗಳಿಗೊಮ್ಮೆ ಮಣ್ಣನ್ನು ಸ್ವಲ್ಪ ಸರಿಸಿ ಆ ಪಟ್ಟಿಯನ್ನು ಉಗುರಿನಿಂದ ಕೆರೆದು ನೋಡುತ್ತೇನೆ. ಹೋದ ವಾರ ಬೀಜದ ಮಡಿಯ ಉತ್ತರದ ಬದಿಯಲ್ಲಿ ಎರಡು ಎಳೆಗಳು ಕೈಗೆ ಪುಡಿಯಾಗಿ ಬಂದವು; ಆ ಬದಿಯ ತುಂಡನ್ನು ತೆಗೆದು ಹೊಸದನ್ನು ಹೊಲಿದಿದ್ದೇನೆ, ಮೂಲೆಯನ್ನೂ ಸೇರಿಸಿ.